ಹಳೇ ಕಾಲದ ಶಿಪ್‌ಯಾರ್ಡ್ ಕೆಲಸಗಾರರಿಗೆ ಕಿವಿ ಮಂದವಾಗುತ್ತಿದ್ದದ್ದು ಯಾಕೆ?

ರಿವೆಟ್, ಅಂದರೆ ಪ್ಲೇಟುಗಳನ್ನು ಜೋಡಿಸುವ ದಪ್ಪ ತಲೆಯ ಲೋಹದ ಮೊಳೆ, ಅದನ್ನು ಬಡಿಯುವ ಸದ್ದಿನಿಂದ. ಹಡಗಿಗೆ ವೆಲ್ಡಿಂಗ್ ಬರುವ ಮುಂಚೆ ಉಕ್ಕಿನ ಪ್ಲೇಟುಗಳನ್ನು ಕೆಂಪಗೆ ಕಾಯಿಸಿದ ರಿವೆಟ್‌ನಿಂದಲೇ ಜೋಡಿಸುತ್ತಿದ್ದರು. 1911ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ನೀರಿಗಿಳಿದ ಟೈಟಾನಿಕ್ ಒಂದಕ್ಕೇ ಸುಮಾರು 30 ಲಕ್ಷ ರಿವೆಟ್ ಬಿದ್ದವು! ಒಬ್ಬ ಹುಡುಗ ಕಾಯಿಸಿ ಕೊಡುತ್ತಿದ್ದ, ಇನ್ನೊಬ್ಬ ತೂತಿಗೆ ತೂರಿಸುತ್ತಿದ್ದ, ಹೊರಗೆ ಇಬ್ಬರು ಸುತ್ತಿಗೆಯಿಂದ ಬಡಿಯುತ್ತಿದ್ದರು, ಒಳಗೊಬ್ಬ ರಿವೆಟ್‌ನ ತಲೆಗೆ ಭಾರದ ಕಬ್ಬಿಣ ಒತ್ತಿ ಹಿಡಿಯುತ್ತಿದ್ದ. ಪಾಪ, ಒಳಗಿದ್ದವನ ಪಾಡು ಹೇಳೋಕಾಗಲ್ಲ. ಸುತ್ತಲೂ ಉಕ್ಕಿನ ಗೋಡೆ, ಸದ್ದು ಅಲ್ಲಲ್ಲೇ ಮೊಳಗುತ್ತದೆ.

ತುಮಕೂರಿನ ವಸಂತನರಸಾಪುರದಲ್ಲಿ ಖಾಲಿ ಟ್ಯಾಂಕಿನೊಳಗೆ ಕೂತು ಕೆಲಸ ಮಾಡಿದ್ದೇನೆ. ಹೊರಗೆ ಒಂದೇ ಏಟು ಬಿದ್ದರೂ ಹಲ್ಲು ಜುಮ್ಮೆನ್ನುತ್ತದೆ. ಅವರಿಗೆ ಅದು ದಿನವಿಡೀ, ವರ್ಷಗಟ್ಟಲೆ.

ಸದ್ದನ್ನು ಹಿಡಿಯೋದು ಒಳಕಿವಿಯ ಕೂದಲಿನಂಥ ಸಣ್ಣ ಕೋಶಗಳು. ಜೋರು ಸದ್ದಿಗೆ ಅವು ಸಾಯುತ್ತವೆ, ಸತ್ತರೆ ಮತ್ತೆ ಹುಟ್ಟಲ್ಲ.