ಗೋಡೆಯ ಮೇಲಿನ 23 ನಿಯಮಗಳು

ಕಾಸರಗೋಡು ಜಿಲ್ಲೆಯ ಬಡಗು ಭಾಗದ ಒಂದು ಅಡಿಕೆ ಕೃಷಿಕರ ಮನೆ. ಗುರುತು ಹತ್ತಬಾರದೆಂದು ಕೆಲವು ವಿವರಗಳನ್ನು ಬದಲಿಸಲಾಗಿದೆ. ಹುಡುಗಿ ಕನ್ನಡ ಮಾಧ್ಯಮದ ಹತ್ತನೇ ತರಗತಿ, ಪರಿಸರ ಕ್ಲಬ್ಬಿನಲ್ಲಿ ಎಲ್ಲದಕ್ಕೂ ಮುಂದೆ. ಅಣ್ಣ ಪ್ಲಸ್ ಟು. ಅಪ್ಪನಿಗೆ ತೋಟದ ಜೊತೆಗೆ ಪೇಟೆಯಲ್ಲೊಂದು ಸಣ್ಣ ಅಂಗಡಿ. ಮನೆಯಲ್ಲಿ ಅಜ್ಜಿಯೂ ಇದ್ದಾರೆ.

ಹುಡುಗಿಯನ್ನು ಆಪ್ತಸಲಹೆಗೆ ಕರೆದುಕೊಂಡು ಬಂದವರು ಅಮ್ಮ. "ಇವಳ ಅಧಿಕಪ್ರಸಂಗ ಮಿತಿಮೀರಿದೆ" ಎಂಬುದು ಅವರ ದೂರು. ಮನೆಯ ಪೂಜೆಯ ದಿನ ಅಪ್ಪ ತರಿಸಿದ್ದ ಸಣ್ಣ ನೀರಿನ ಬಾಟಲಿಗಳನ್ನು ಹಂಚುವುದಿಲ್ಲ ಎಂದು ಹಟ ಹಿಡಿದಳಂತೆ. ನೆಂಟರೆದುರೇ "ನಿಮಗೆಲ್ಲ ನಾಚಿಕೆ ಇಲ್ಲವಾ" ಎಂದಳಂತೆ. ಆಮೇಲೆ ಹಬ್ಬಕ್ಕೆ ಹೊಸ ಬಟ್ಟೆ ಬೇಡ ಎಂದಳು, ಅಣ್ಣನ ಚಾರ್ಜರ್ ಕಿತ್ತಿಟ್ಟಳು, ಚಾವಡಿಯ ಗೋಡೆಗೆ 23 ನಿಯಮಗಳ ಪಟ್ಟಿ ಅಂಟಿಸಿದಳು.

ಹುಡುಗಿಯನ್ನು ಒಂಟಿಯಾಗಿ ಮಾತನಾಡಿಸಿದಾಗ ಸಿಕ್ಕಿದ ಚಿತ್ರವೇ ಬೇರೆ. ರಾತ್ರಿ ಹನ್ನೆರಡರವರೆಗೆ ಕಾಡ್ಗಿಚ್ಚು, ಪ್ರವಾಹದ ವಿಡಿಯೊಗಳನ್ನು ನೋಡುತ್ತಾಳೆ, ನೋಡಿ ಅಳುತ್ತಾಳೆ. ಊಟ ಬಿಟ್ಟಿಲ್ಲ, ಓದು ಕುಸಿದಿಲ್ಲ, ಗೆಳತಿಯರಿದ್ದಾರೆ, ಬದುಕು ಬೇಡ ಎಂಬ ಯೋಚನೆಯಿಲ್ಲ. ಆದ್ದರಿಂದ ವೈದ್ಯರ ಬಳಿಗೆ ಕಳುಹಿಸಬೇಕಾಗಲಿಲ್ಲ. ಎರಡು ವಾರ ಬಿಡದೆ ನಿದ್ದೆ ಕೆಟ್ಟರೆ, ಇಷ್ಟದ ಕೆಲಸದಲ್ಲೂ ಮನಸ್ಸು ನಿಲ್ಲದಿದ್ದರೆ ಕಾಯದೆ ವೈದ್ಯರನ್ನು ಕಾಣಬೇಕು, ನಡುರಾತ್ರಿಯಾದರೂ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು ಎಂದು ಅಮ್ಮನಿಗೆ ತಿಳಿಸಲಾಯಿತು.

ಕಳೆದ ಸಲದ ಕರೆಂಟ್ ಬಿಲ್ಲು ಎಷ್ಟು ಯೂನಿಟ್ ಎಂದು ಕೇಳಿದರೆ ಅವಳಿಗೆ ಗೊತ್ತಿರಲಿಲ್ಲ. 23 ನಿಯಮಗಳಲ್ಲಿ ಒಂದರಲ್ಲೂ ಒಂದು ಅಂಕಿ ಇರಲಿಲ್ಲ. ಭೂಮಿ ಹಾಳಾಗುತ್ತಿದೆ ಎಂಬ ಭಯ ಅವಳಿಗೆ ಶಾಲೆಯಿಂದಲೂ ಫೋನಿನಿಂದಲೂ ಬೇಕಾದಷ್ಟು ಸಿಕ್ಕಿತ್ತು. ಆದರೆ ಮನೆಯ ಒಂದೇ ಒಂದು ವ್ಯವಹಾರವನ್ನೂ ಯಾರೂ ಅವಳ ಕೈಗೆ ಕೊಟ್ಟಿರಲಿಲ್ಲ. ಮಾಡಲು ಕೆಲಸವಿಲ್ಲದ ಭಯ ಬಯ್ಗುಳವಾಗಿ ಹೊರಬರುತ್ತಿತ್ತು. ಆ ಬಯ್ಗುಳವನ್ನು ಮಾತ್ರ ನಿಲ್ಲಿಸಿದ್ದರೆ ಭಯ ಒಳಗೇ ಉಳಿಯುತ್ತಿತ್ತು.

ಪಟ್ಟಿಯನ್ನು ಅವಳೇ ತೆಗೆಯಬೇಕು, ಬದಲಿಗೆ ನಾಲ್ಕು ವಾರ ಒಂದು ಪುಸ್ತಕ ಇಡಬೇಕು, ಅಳೆಯುವುದು ಬಿಟ್ಟರೆ ಯಾರನ್ನೂ ತಿದ್ದಕೂಡದು ಎಂದು ಒಪ್ಪಂದವಾಯಿತು. ಮೀಟರಿನ ಪರದೆಯಲ್ಲಿ ಅಂಕಿಗಳು ಒಂದರ ಹಿಂದೊಂದು ಬದಲಾಗುತ್ತವೆ, ಅದರಲ್ಲಿ ಯೂನಿಟ್ಟಿನ ಒಟ್ಟು ಅಂಕಿಯನ್ನು ದಿನಾ ರಾತ್ರಿ 9ಕ್ಕೆ ಬರೆಯುವುದು. ಬಿಲ್ಲು ಎರಡು ತಿಂಗಳಿಗೊಮ್ಮೆ ಬರುವ ಕಾರಣ ಅದನ್ನೇ ನಂಬಿ ಕೂತರೆ ಯಾವ ದಿನ ಏನಾಯಿತೆಂದು ಯಾರಿಗೂ ನೆನಪಿರುವುದಿಲ್ಲ. ಮನೆಮನೆಯಿಂದ ಒಣಕಸ ಒಯ್ಯುವ ಹರಿತ ಕರ್ಮ ಸೇನೆಗೆ ಕೊಡುವ ಪ್ಲಾಸ್ಟಿಕ್ಕನ್ನು ಕೊಡುವ ಮೊದಲು ತೂಗುವುದು. ಮಿಕ್ಕ ಅನ್ನವನ್ನು ಪಾವಿನಲ್ಲಿ ಅಳೆಯುವುದು. ಉಡದೆ ಉಳಿದದ್ದು ಯಾವುದೆಂದು ಕಾಣಲು ಕಪಾಟಿನ ಹ್ಯಾಂಗರ್‌ಗಳನ್ನೆಲ್ಲ ತಿರುಗಿಸಿ ನೇತುಹಾಕಿ, ಉಟ್ಟು ಒಗೆದ ಬಟ್ಟೆಯದ್ದನ್ನು ಮಾತ್ರ ಸರಿಮುಖ ಮಾಡುವುದು.

ಮೊದಲ ವಾರವೇ ಪುಸ್ತಕ ಪೊಲೀಸ್ ಡೈರಿಯಾಯಿತು. "ಅಣ್ಣ, ಫ್ಯಾನ್, 2 ಗಂಟೆ" ಎಂದೆಲ್ಲ ಬರೆದಿದ್ದಳು. ಹೆಸರಿನ ಕಾಲಂ ತೆಗೆಸಿ ವಸ್ತುವಿನ ಕಾಲಂ ಹಾಕಿಸಬೇಕಾಯಿತು. ಮೊದಲ ಸಾಲು ಅವಳದೇ ವಸ್ತುವಿನದ್ದು. ಇನ್ನೊಂದು ತೊಡಕು, ಪ್ಲಾಸ್ಟಿಕ್ಕಿನ ತೂಕ ತೀರಾ ಕಡಿಮೆ ಬರುತ್ತಿತ್ತು. ಕಾರಣ ಬಚ್ಚಲೊಲೆ. ಹಾಲಿನ ತೊಟ್ಟೆ, ಬಿಸ್ಕತ್ತಿನ ಕವರುಗಳೆಲ್ಲ ಬೆಂಕಿ ಹೊತ್ತಿಸಲು ಹೋಗುತ್ತಿದ್ದವು. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೀಗೇ. ಆ ಹೊಗೆ ಮೊದಲು ಹೋಗುವುದು ಒಲೆಯ ಮುಂದೆ ಕೂತ ಅಮ್ಮನ ಎದೆಗೆ, ಪಿವಿಸಿ ಪ್ಲಾಸ್ಟಿಕ್ ಸೇರಿದ್ದರೆ ಡಯಾಕ್ಸಿನ್ ಎಂಬ ವಿಷವೂ ಹುಟ್ಟುತ್ತದೆ. ಇದನ್ನು ಹುಡುಗಿಯ ಬಾಯಿಂದ ಹೇಳಿಸಲಿಲ್ಲ. ಒಣ ಅಡಿಕೆ ಸಿಪ್ಪೆ, ತೆಂಗಿನ ಗರಿಗಳನ್ನು ದಿನಾ ಒಲೆಯ ಪಕ್ಕ ತಂದಿಡುವ ಕೆಲಸ ಅವಳಿಗೆ ಬಂತು. ಹಾಲಿನ ತೊಟ್ಟೆಯನ್ನು ಒಂದು ಬದಿ ಕತ್ತರಿಸಿ, ತೊಳೆದು, ಹಗ್ಗಕ್ಕೆ ಸಿಕ್ಕಿಸಿ ಒಣಗಿಸುವುದನ್ನು ಅಜ್ಜಿ ವಹಿಸಿಕೊಂಡರು. ಹರಿತ ಕರ್ಮ ಸೇನೆಗೆ ಬೇಕಾಗಿರುವುದು ತೊಳೆದು ಒಣಗಿಸಿದ್ದು. ಜಿಡ್ಡಿನ ಒದ್ದೆ ಕವರು ಗೋಣಿಯೊಳಗಿನ ಉಳಿದದ್ದನ್ನೂ ಕೆಡಿಸುತ್ತದೆ.

ನಾಲ್ಕು ವಾರದ ಲೆಕ್ಕ ಮನೆಯವರನ್ನೆಲ್ಲ ಒಂದೇ ಮೇಜಿನ ಸುತ್ತ ಕೂರಿಸಿತು. 5000 ಎಂಎಎಚ್ ಬ್ಯಾಟರಿಯ ಫೋನನ್ನು ಪೂರ್ತಿ ಚಾರ್ಜ್ ಮಾಡಲು ಗೋಡೆಯಿಂದ ಎಳೆಯುವುದು ಸುಮಾರು 25 ವ್ಯಾಟ್-ಅವರ್, ಅಂದರೆ ಒಂದು ಯೂನಿಟ್ಟಿಗೆ (1000 ವ್ಯಾಟ್-ಅವರ್) 40 ಸಲ. ಮನೆಯ 1 ಎಚ್‌ಪಿ ಪಂಪು ಗಂಟೆಗೆ ಹೆಚ್ಚುಕಡಿಮೆ 1 ಯೂನಿಟ್ ಕುಡಿಯುತ್ತದೆ. ಟ್ಯಾಂಕ್ ತುಂಬಿ ಚೆಲ್ಲುತ್ತಾ ದಿನಾ ಸುಮಾರು 20 ನಿಮಿಷ ಓಡುತ್ತಿತ್ತು, ತಿಂಗಳಿಗೆ 10 ಯೂನಿಟ್. 400 ಸಲ ಫೋನ್ ಚಾರ್ಜ್ ಮಾಡುವಷ್ಟು ಕರೆಂಟ್, ಅದರ ಜೊತೆಗೆ ಬಾವಿಯ ನೀರು. ಚಾರ್ಜರಿಗಾಗಿ ತಿಂಗಳುಗಟ್ಟಲೆ ಅಣ್ಣ-ತಂಗಿ ಮಾತು ಬಿಟ್ಟಿದ್ದರು. ಅಪ್ಪ ಅದೇ ವಾರ, ಟ್ಯಾಂಕ್ ತುಂಬಿದೊಡನೆ ಪಂಪನ್ನು ತಾನಾಗಿ ನಿಲ್ಲಿಸುವ ಫ್ಲೋಟ್ ಸ್ವಿಚ್ ಹಾಕಿಸಿದರು.

ಹಾಗೆಂದು ಫೋನಿನ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಅದು ಪರಿಸರಕ್ಕೆ ಹೊರಿಸುವ ಹೊರೆಯಲ್ಲಿ ದೊಡ್ಡ ಪಾಲು ತಯಾರಿಕೆಯದ್ದು, ಚಾರ್ಜಿನದ್ದಲ್ಲ. ಅಣ್ಣ ಹೊಸ ಫೋನು ಕೇಳುತ್ತಿದ್ದುದು ಹಳೆಯದರ ಬ್ಯಾಟರಿ ಅರ್ಧ ದಿನವೂ ನಿಲ್ಲದ ಕಾರಣಕ್ಕೆ. ಬ್ಯಾಟರಿ ಬದಲಿಸಿ ಇನ್ನೆರಡು ವರ್ಷ ನೋಡಿ ಎಂಬ ಸಲಹೆಗೆ, ಉಳಿದ ಹಣದಲ್ಲಿ ಒಂದು ಪಾಲು ಅವನ ಖಾತೆಗೇ ಹೋಗಬೇಕು ಎಂಬ ಷರತ್ತಿನ ಮೇಲೆ, ಅವನು ಒಪ್ಪಿದ.

ಬಟ್ಟೆ, ಚಪ್ಪಲಿಗೆ ಆರು ತಿಂಗಳಿಗೆ ಇಂತಿಷ್ಟು ಎಂದು ಇಬ್ಬರ ಕೈಗೂ ಹಣ ಕೊಡಬೇಕು, ಆಯ್ಕೆಯ ಬಗ್ಗೆ ದೊಡ್ಡವರು ಚಕಾರ ಎತ್ತಬಾರದು ಎಂದಾಗ ಅಪ್ಪ ಹಿಂಜರಿದರು. ಮಕ್ಕಳು ಕೆಟ್ಟದ್ದನ್ನು ಕೊಂಡು ಕೈಸುಟ್ಟುಕೊಳ್ಳಲು ಬಿಡದಿದ್ದರೆ ಈ ಪಾಠ ನಡೆಯುವುದೇ ಇಲ್ಲ. ಆನ್‌ಲೈನಿನಲ್ಲಿ ಕಂಡದ್ದನ್ನು ಬುಟ್ಟಿಗೆ ಹಾಕಿ 7 ದಿನ ಬಿಡುವುದು, ಬೆಲೆಯನ್ನು ಎಷ್ಟು ಸಲ ಹಾಕಿಕೊಂಡೇನು ಎಂಬ ಸಂಖ್ಯೆಯಿಂದ ಭಾಗಿಸುವುದು. 1200 ರೂಪಾಯಿಯ ಶೂ 200 ದಿನಕ್ಕೆ ಬಂದರೆ ದಿನಕ್ಕೆ 6 ರೂಪಾಯಿ. 700 ರೂಪಾಯಿಯ ಶರ್ಟು ಎರಡೇ ಮದುವೆಗೆ ಹೋದರೆ ಒಂದು ಸಲಕ್ಕೆ 350. ಇದು ಮುರಿದು ಬೀಳುವುದು ಸಾಮಾನ್ಯವಾಗಿ ಒಂದೇ ಕಡೆ: ಅಜ್ಜಿ ಸೆರಗಿನ ಗಂಟು ಬಿಚ್ಚಿ ಗುಟ್ಟಾಗಿ 500 ಕೊಡುತ್ತಾರೆ. ಇಲ್ಲೂ ಹಾಗೇ ಆಯಿತು. ಕೊಡಬೇಡಿ ಎನ್ನುವ ಬದಲು, ಕೊಟ್ಟದ್ದನ್ನು ಪುಸ್ತಕದಲ್ಲಿ ಬರೆಯುವ ಎಂದು ತೀರ್ಮಾನವಾಯಿತು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಮರುವರ್ಷದ ಪೂಜೆ, 120 ಜನ. ಎಲೆ ಮತ್ತು ನೀರಿನ ಪೂರ್ತಿ ಹೊಣೆ ಹುಡುಗಿಗೆ. ಅಡುಗೆ ಭಟ್ಟರು ಹದಿನಾರರ ಹುಡುಗಿಯ ಮಾತು ಕೇಳುವುದು ಕಷ್ಟ. ಅದಕ್ಕೇ "ನೀರಿನ ವಿಷಯ ಅವಳನ್ನೇ ಕೇಳಿ" ಎಂದು ಅಪ್ಪ ಹಿಂದಿನ ದಿನವೇ ಹೇಳಿಡಬೇಕಿತ್ತು, ಹೇಳಿದರು. ಕಾಗದದ ಲೋಟ ಬೇಡವೆಂದಳು, ಅದರ ಒಳಮೈಗೆ ಪ್ಲಾಸ್ಟಿಕ್ ಪೊರೆಯಿರುತ್ತದೆ. ಭಜನಾ ಮಂದಿರದಿಂದ 130 ಸ್ಟೀಲ್ ಲೋಟ, 50 ಲೀಟರಿನ ಎರಡು ಡ್ರಮ್ಮು, ಉಪಾಹಾರಕ್ಕೆ ಅಡಿಕೆ ಹಾಳೆಯ ತಟ್ಟೆ, ಊಟಕ್ಕೆ ತೋಟದ ಬಾಳೆಲೆ.

ಪೂಜೆ ಬಂದದ್ದು ಎಪ್ರಿಲಿನಲ್ಲಿ, ಬಾವಿಯ ತಳ ಕಾಣುವ ಹೊತ್ತಿಗೆ. ಸ್ಟೀಲ್ ಲೋಟ ತೊಳೆಯಲು ನೀರೆಲ್ಲಿಂದ ಎಂಬ ಅಮ್ಮನ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ನಳ್ಳಿ ಬಿಟ್ಟು ತೊಳೆಯದೆ 15 ಲೀಟರಿನ ಮೂರು ಟಬ್ಬು ಇಟ್ಟಳು, ಒಂದರಲ್ಲಿ ಸಾಬೂನು, ಎರಡರಲ್ಲಿ ಬರೀ ನೀರು. ಒಮ್ಮೆ ಬದಲಿಸಿದರೆ ಒಟ್ಟು 90 ಲೀಟರ್, ಆ ನೀರು ಬಾಳೆಬುಡಕ್ಕೆ. ಆದರೂ ಎರಡನೇ ಪಂಕ್ತಿಗೆ ಲೋಟ ಸಾಲದೆ ಹೋಯಿತು. ಜನ ಬಾಯಾರಿದಾಗಲೆಲ್ಲ ಹೊಸ ಲೋಟ ಎತ್ತಿಕೊಂಡಿದ್ದರು. ಲೋಟಗಳನ್ನು ಡ್ರಮ್ಮಿನ ಬಳಿ ಇಡದೆ ಎಲೆಯ ಪಕ್ಕ ಇಟ್ಟು, ಪಂಕ್ತಿಯಲ್ಲಿ ನೀರು ಬಡಿಸಿದ್ದರೆ ಸಾಕಿತ್ತು ಎಂದು ಅಜ್ಜಿ ಹೇಳಿದ್ದನ್ನು ಪುಸ್ತಕದಲ್ಲಿ ಬರೆದಿಟ್ಟಿದ್ದಾಳೆ. ಬಳಸಿದ ಹಾಳೆ ತಟ್ಟೆಗಳನ್ನು ಇಡಿಯಾಗಿ ರಾಶಿ ಹಾಕಿದರೆ ಮೊದಲ ಮಳೆಗೆ ನೀರು ನಿಂತು ಡೆಂಗಿ ಸೊಳ್ಳೆಗೆ ತೊಟ್ಟಿಲಾಗುತ್ತದೆ. ಅದಕ್ಕೆ ನಾಲ್ಕಾಗಿ ಹರಿದು ತೆಂಗಿನ ಬುಡಕ್ಕೆ ಹಾಕಿ ಮೇಲೆ ಸೊಪ್ಪು ಮುಚ್ಚಿದರು.

ದೊಡ್ಡವರಿಗೆ ಕೊಟ್ಟ ಸಲಹೆ ಚಿಕ್ಕದು. "ನಮ್ಮ ಕಾಲದಲ್ಲಿ" ಎಂದು ಮಾತು ಶುರುಮಾಡಬೇಡಿ, ಅವಳ ಲೆಕ್ಕ ಸರಿಯಿದ್ದರೆ ಸರಿ ಎಂದು ಬಾಯಿಬಿಟ್ಟು ಹೇಳಿ. ಹುಡುಗಿಗೆ ಕೊಟ್ಟದ್ದು ಎರಡು: ನೆಂಟರೆದುರು ಯಾರನ್ನೂ ತಿದ್ದಬಾರದು, ರಾತ್ರಿ 9ರ ನಂತರ ಫೋನು ಅಡುಗೆಮನೆಯಲ್ಲಿ. ಎರಡನೆಯದು ವಾರಕ್ಕೆ ಒಂದೆರಡು ಸಲ ತಪ್ಪುತ್ತದೆ, ಆದರೂ ನಿದ್ದೆ ಸುಧಾರಿಸಿದೆ. ಅಮ್ಮನ ಹತ್ತಿರ ಕ್ಷಮೆಯನ್ನು ಅವಳಾಗಿ ಕೇಳಿದಳು, ಕೇಳು ಎಂದು ಯಾರೂ ಹೇಳಿರಲಿಲ್ಲ.

ಇತ್ತೀಚಿನ ಭೇಟಿಯಲ್ಲಿ ಅವಳು ಎತ್ತಿದ್ದು ಅಪ್ಪನ ಅಂಗಡಿಯಲ್ಲಿ ಮಾಲೆ ಮಾಲೆಯಾಗಿ ತೂಗುವ ಶ್ಯಾಂಪೂ ಸ್ಯಾಶೆಗಳನ್ನು. ಪದರದ ಮೇಲೆ ಪದರ ಅಂಟಿಸಿದ ಆ ತೊಟ್ಟೆಯನ್ನು ಬಿಡಿಸಿ ಮರುಬಳಸುವುದು ಕಷ್ಟ, ಅವಳ ಮಾತು ಸರಿ. ಆದರೆ ದಿನಗೂಲಿಯವರು ಕೊಳ್ಳುವುದು ಅದನ್ನೇ, ಮನೆಯ ಅಕ್ಕಿ ಬರುವುದೂ ಅದೇ ಅಂಗಡಿಯಿಂದ. ಒಂದು ತಿಂಗಳು ಅಂಗಡಿಯಲ್ಲಿ ಕೂತು ಯಾವುದು ಎಷ್ಟು ಹೋಗುತ್ತದೆಂದು ಬರೆದು ತಾ, ಆಮೇಲೆ ಅಪ್ಪನೊಡನೆ ಮಾತನಾಡುವ ಎಂದು ಹೇಳಿ ಕಳುಹಿಸಲಾಗಿದೆ. ಹೊಸ ಪುಸ್ತಕ ಕೊಂಡಿಲ್ಲ, ಹಳೆಯದರಲ್ಲೇ ಹಾಳೆಗಳಿವೆ.