ಸಂಪಾದಕರ ಉತ್ತರ: ಇಲಿಯೂ ಆಡಿತ್ತು

ಸಿರ್ಸಿಯ ಓದುಗರೊಬ್ಬರು ಎರಡು ಪುಟದ ಪತ್ರ ಬರೆದಿದ್ದಾರೆ. ಕಳೆದ ಸಂಚಿಕೆಯ ಒಂದು ಫೋಟೊ ಅವರಿಗೆ ಸಿಟ್ಟು ತರಿಸಿದೆ. ಬೋಸ್ನಿಯಾ ಯುದ್ಧದ ಕಾಲದಲ್ಲಿ ಆ ದೇಶದ ರಾಜಧಾನಿ ಸರಯೆವೊ, ಗುಂಡಿನ ತೂತು ಬಿದ್ದ ಗೋಡೆ, ಅದರ ಮುಂದೆ ಚೆಂಡಾಡುವ ಹುಡುಗರು. ಕೆಳಗೆ ‘ಯುದ್ಧ ಮರೆತ ಮಕ್ಕಳು’ ಅನ್ನೋ ಅಡಿಬರಹ. “ದಿನಾ ಹೆಣ ಬೀಳುವ ಊರಲ್ಲಿ ಆಟ ಏನು, ಒಲಿಂಪಿಕ್ಸ್ ಏನು? ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ಇದನ್ನ ಚೆಂದ ಮಾಡಿ ತೋರಿಸಬೇಡಿ” ಅಂತ ಅವರ ತಕರಾರು.

ಮೊದಲು ತಪ್ಪೊಪ್ಪಿಗೆ. ಅಡಿಬರಹ ನನ್ನದೇ. ಪುಟ ಮುಗಿಸುವ ಅವಸರದಲ್ಲಿ ಬರೆದೆ. ಆ ಊರಲ್ಲಿ ಯುದ್ಧ ಮರೆಯುವ ಭಾಗ್ಯ ಯಾವ ಮಗುವಿಗೂ ಇರಲಿಲ್ಲ. ಆದರೆ ಗಾದೆಯ ವಿಷಯದಲ್ಲಿ ನನ್ನ ಜಗಳ ಇದೆ. ಅಲ್ಲಿ ಆಡಿದ್ದು ಬೆಕ್ಕಲ್ಲ ಸ್ವಾಮಿ, ಇಲಿ.

ಬೋಸ್ನಿಯಾ ಯುಗೊಸ್ಲಾವಿಯಾದಿಂದ ಬೇರೆಯಾದ ಯುರೋಪಿನ ದೇಶ, ನಮ್ಮ ಕರ್ನಾಟಕದ ಕಾಲು ಭಾಗದಷ್ಟು ದೊಡ್ಡದು. 1991ರಲ್ಲಿ ಸುಮಾರು 44 ಲಕ್ಷ ಜನ, ಹೆಚ್ಚುಕಡಿಮೆ ಆಗಿನ ಬೆಂಗಳೂರಿನಷ್ಟು. ಸರಯೆವೊ ಬಾಣಲೆಯ ತಳದಲ್ಲಿರುವ ಊರು. ಸುತ್ತಲಿನ ಗುಡ್ಡಗಳ ಮೇಲೆ, ಹಾಗೆ ಬೇರೆಯಾಗೋದು ಬೇಡ ಅಂದ ಬೋಸ್ನಿಯನ್ ಸರ್ಬ್ ಪಡೆಯ ಫಿರಂಗಿಗಳು. 1992ರ ಏಪ್ರಿಲ್‌ನಿಂದ 1996ರ ಫೆಬ್ರುವರಿವರೆಗೆ, 1425 ದಿನ ಮುತ್ತಿಗೆ. (ಅಂದಹಾಗೆ, ವಿಶ್ವಸಂಸ್ಥೆ ಅಲ್ಲಿಗೆ ಕಳಿಸಿದ ಪಡೆಯ ಮೊದಲ ಮುಖ್ಯಸ್ಥರು ನಮ್ಮವರೇ, ಲೆಫ್ಟಿನೆಂಟ್ ಜನರಲ್ ಸತೀಶ್ ನಂಬಿಯಾರ್. ಬೆಳಗಾವಿಯಲ್ಲಿ ನೆಲೆ ಇರುವ ಮರಾಠಾ ಲೈಟ್ ಇನ್‌ಫ್ಯಾಂಟ್ರಿಯವರು.)

ಮುತ್ತಿಗೆಗೆ ಎಂಟು ವರ್ಷ ಮುಂಚೆ, 1984ರಲ್ಲಿ, ಇದೇ ಊರಲ್ಲಿ ಚಳಿಗಾಲದ ಒಲಿಂಪಿಕ್ಸ್ ನಡೆದಿತ್ತು. ಝೆಟ್ರಾ ಅಂತ ಒಳಾಂಗಣ ಕ್ರೀಡಾಂಗಣ. ಬ್ರಿಟನ್ನಿನ ಟೊರ್ವಿಲ್ ಮತ್ತು ಡೀನ್ ಜೋಡಿ ಐಸ್ ಮೇಲೆ ಕುಣಿದು ಚಿನ್ನ ಗೆದ್ದದ್ದು ಅಲ್ಲೇ. ಯುದ್ಧದಲ್ಲಿ ಝೆಟ್ರಾಕ್ಕೆ ಶೆಲ್ ಬಿತ್ತು. ನೆಲಮಾಳಿಗೆ ಶವಾಗಾರವಾಯಿತು. ಜನ ಕೂತು ಚಪ್ಪಾಳೆ ತಟ್ಟಿದ್ದ ಮರದ ಸೀಟುಗಳನ್ನು ಕಿತ್ತು ಶವಪೆಟ್ಟಿಗೆ ಮಾಡಿದರು. ಪಕ್ಕದ ಬಯಲು ಸ್ಮಶಾನವಾಯಿತು.

ಇಂಥ ಊರಿನವಳು ಮಿರ್ಸಾದಾ ಬುರಿಚ್. ದೂರದ ಓಟಗಾರ್ತಿ. ಸ್ನೈಪರ್‌ಗಳ ಕಣ್ಣು ತಪ್ಪಿಸಿ ಬೀದಿಯಲ್ಲೇ ಓಡಿ ತಯಾರಾದಳು. ಅದಕ್ಕೂ ಮುಂಚೆ ಕೆಲ ದಿನ ಸರ್ಬ್ ಪಡೆಯವರು ಅವಳನ್ನು ಕೂಡಿಹಾಕಿದ್ದರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ 3000 ಮೀಟರ್ ಓಡಿದಳು. ಫೈನಲ್‌ಗೆ ಬರಲಿಲ್ಲ. ಆದರೆ ಬೋಸ್ನಿಯಾ ಅನ್ನೋ ಹೆಸರಲ್ಲಿ ಒಲಿಂಪಿಕ್ಸ್‌ಗೆ ಹೋದ ಮೊದಲ ತಂಡ ಅದು. ನಕ್ಷೆಯಿಂದಲೇ ಅಳಿಸುತ್ತೇವೆ ಅಂತ ಎದುರಾಳಿ ಹೊರಟಾಗ, ಬೆನ್ನ ಮೇಲೆ ದೇಶದ ಹೆಸರು ಹಾಕಿಕೊಂಡು ಓಡೋದು ಚೆಲ್ಲಾಟ ಹೇಗಾಗುತ್ತೆ, ಹೇಳಿ.

1994ರ ಫೆಬ್ರುವರಿ 5ರಂದು ಸರಯೆವೊದ ಮಾರ್ಕಲೆ ಸಂತೆಯ ಮೇಲೆ ಶೆಲ್ ಬಿತ್ತು. 68 ಜನ ಸತ್ತರು. ಅದೇ ತಿಂಗಳ 12ಕ್ಕೆ ನಾರ್ವೆಯ ಲಿಲ್ಲೆಹ್ಯಾಮರ್‌ನಲ್ಲಿ ಚಳಿಗಾಲದ ಒಲಿಂಪಿಕ್ಸ್ ಶುರು. ಬೋಸ್ನಿಯಾದ ಬಾಬ್‌ಸ್ಲೆಡ್ (ಐಸ್ ಟ್ರ್ಯಾಕ್‌ನಲ್ಲಿ ಜಾರುವ ಬಂಡಿಯ ಓಟ) ತಂಡದಲ್ಲಿ ನಾಲ್ವರು: ಇಬ್ಬರು ಮುಸ್ಲಿಮರು, ಒಬ್ಬ ಸರ್ಬ್, ಒಬ್ಬ ಕ್ರೊಯಾಟ್. ಊರಲ್ಲಿ ಈ ಮೂರು ಸಮುದಾಯಗಳ ಹೆಸರಲ್ಲೇ ಹೊಡೆದಾಟ. ಇಲ್ಲಿ ಒಂದೇ ಜಾರುಬಂಡಿಯನ್ನು ಒಟ್ಟಿಗೆ ತಳ್ಳಿ, ಹಾರಿ ಒಳಗೆ ಕೂರಬೇಕು. ಅವರ ಸ್ವಂತ ಟ್ರ್ಯಾಕ್ ಇದ್ದದ್ದು ಟ್ರೆಬೆವಿಚ್ ಬೆಟ್ಟದ ಮೇಲೆ. ಅದನ್ನು ಮುತ್ತಿಗೆ ಹಾಕಿದವರು ಫಿರಂಗಿ ಇಡೋಕೆ ಬಳಸುತ್ತಿದ್ದರು.

ಹಾಗಂತ ನಿಮ್ಮ ಸಿಟ್ಟು ಸುಮ್ನೆ ಅಲ್ಲ. 1993ರ ಜೂನ್ 1, ಬಕ್ರೀದ್ ದಿನ. ದೊಬ್ರಿನ್ಯಾ ಬಡಾವಣೆಯವರು ಫುಟ್‌ಬಾಲ್ ಪಂದ್ಯ ಇಟ್ಟುಕೊಂಡರು. ಮೈದಾನದಲ್ಲಲ್ಲ, ವಾಹನ ನಿಲ್ಲಿಸುವ ಜಾಗದಲ್ಲಿ. ಮೂರು ಕಡೆ ಅಪಾರ್ಟ್‌ಮೆಂಟ್ ಗೋಡೆಗಳು. ಗುಡ್ಡದ ಮೇಲಿನ ಬಂದೂಕಿಗೆ ಕಾಣಲ್ಲ ಅಂತ ಲೆಕ್ಕ ಹಾಕಿ ಆರಿಸಿದ್ದು. ಬಂದೂಕಿಗೆ ಕಾಣಲಿಲ್ಲ, ಸರಿ. ಆದರೆ ಮಾರ್ಟರ್ ಶೆಲ್‌ಗೆ ಗೋಡೆ ಅಡ್ಡ ಬರಲ್ಲ, ಅದು ಮೇಲಿಂದ ಬೀಳುತ್ತೆ. ಎರಡು ಬಿದ್ದವು. ಹತ್ತಕ್ಕೂ ಹೆಚ್ಚು ಜನ ಸತ್ತರು, ಗಾಯಗೊಂಡವರು ನೂರರ ಹತ್ತಿರ. ಮುತ್ತಿಗೆಯ ಹೊಣೆ ಹೊತ್ತಿದ್ದ ಜನರಲ್ ಸ್ತಾನಿಸ್ಲಾವ್ ಗಾಲಿಚ್ ಮೇಲೆ ಹೇಗ್‌ನ ಯುದ್ಧಾಪರಾಧ ನ್ಯಾಯಾಲಯದಲ್ಲಿ ನಡೆದ ಕೇಸಿನಲ್ಲಿ ಈ ಪಂದ್ಯವೂ ಬಂತು. 2006ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆ ಆಯಿತು.

ಮುಂದಿನ ಚಳಿಗಾಲ, 1994ರ ಜನವರಿ 22ರಂದು, ಹಿಮದಲ್ಲಿ ಆಡುತ್ತಿದ್ದ 6 ಮಕ್ಕಳು ಶೆಲ್‌ಗೆ ಸತ್ತರು. ಆ ಊರಲ್ಲಿ ಮಕ್ಕಳ ಜಾರುಬಂಡಿ ಬರೀ ಆಟದ ಸಾಮಾನಾಗಿರಲಿಲ್ಲ. ನಲ್ಲಿಯಲ್ಲಿ ನೀರಿಲ್ಲದ್ದಕ್ಕೆ ಜನ ಕ್ಯಾನುಗಳನ್ನು ಅದರ ಮೇಲೇ ಕಟ್ಟಿ ಎಳೆದು ತರುತ್ತಿದ್ದರು. ನೀರಿನ ಸಾಲಿನ ಮೇಲೂ ಶೆಲ್ ಬಿತ್ತು. ಹಾಗಾದರೆ ನೀರು ತರಬಾರದಿತ್ತು ಅಂತ ನೀವು ಹೇಳಲ್ಲ, ಅಲ್ವಾ? ಆಟಕ್ಕೆ ಮಾತ್ರ ಯಾಕೆ ಬೇರೆ ನ್ಯಾಯ? ಊರಿನವರಿಗೆ ಎರಡೂ ದಿನದ ಅಗತ್ಯಗಳೇ ಆಗಿದ್ದವು. ನಾಚಿಕೆ ಪಡಬೇಕಾದವರು ಗುಡ್ಡದ ಮೇಲಿದ್ದರು. ದೂರ ಕೂತು ಫೋಟೊಗೆ ಮುದ್ದಾದ ಮಾತು ಜೋಡಿಸಿದ ನನ್ನಂಥವರಿಗೂ ಅದರಲ್ಲಿ ಸ್ವಲ್ಪ ಪಾಲಿದೆ.

ಸ್ವಲ್ಪ ಕಾಲದ ಕದನವಿರಾಮ ಆದ ಮೇಲೆ, 1994ರ ಮಾರ್ಚ್ 20ರಂದು, ಕೊಶೆವೊ ಸ್ಟೇಡಿಯಂನಲ್ಲಿ ಸರಯೆವೊ ತಂಡ ವಿಶ್ವಸಂಸ್ಥೆಯ ಶಾಂತಿಪಡೆಯ ಸೈನಿಕರ ಜತೆ ಫುಟ್‌ಬಾಲ್ ಆಡಿತು. ಸಾವಿರಾರು ಜನ ಬಂದರು. ಝೆಟ್ರಾದ ಆ ಸ್ಮಶಾನ ಅಲ್ಲೇ ಪಕ್ಕದಲ್ಲಿ.

ಆ ಬಾಬ್‌ಸ್ಲೆಡ್ ಟ್ರ್ಯಾಕ್ ಈಗ ಏನಾಗಿದೆ ಅಂತಲೂ ಕೇಳಿದ್ದೀರಿ. ಇದೆ. ಕಾಂಕ್ರೀಟಿನ ತುಂಬ ಬಣ್ಣಬಣ್ಣದ ಚಿತ್ರ ಬಿಡಿಸಿದ್ದಾರೆ, ಜನ ಅದರೊಳಗೇ ನಡೆದು ಹೋಗುತ್ತಾರೆ. ಯುದ್ಧದಲ್ಲಿ ಹಾಳಾಗಿದ್ದ ಟ್ರೆಬೆವಿಚ್ ಕೇಬಲ್ ಕಾರ್ 2018ರ ಏಪ್ರಿಲ್ 6ರಂದು ಮತ್ತೆ ಶುರುವಾಯಿತು. ಈಗ ಊರಿನವರು ಭಾನುವಾರ ತಿಂಡಿ ಕಟ್ಟಿಕೊಂಡು ಅದೇ ಬೆಟ್ಟ ಹತ್ತುತ್ತಾರೆ.