ಜೋಳ ತುಂಬಿದೆ, ಊರು ಖಾಲಿ

ದಾವಣಗೆರೆ ಕಡೆಯ ಓದುಗರೊಬ್ಬರು ಮಗಳ ಮನೆಗೆಂದು ಅಮೆರಿಕದ ಅಯೋವಾಕ್ಕೆ ಹೋಗಿ ಬಂದು ಬರೆದಿದ್ದಾರೆ: ‘ಕಣ್ಣು ಹಾಯಿಸಿದಷ್ಟೂ ಮೆಕ್ಕೆಜೋಳ, ಊರೊಳಗೆ ಹೋದರೆ ಅರ್ಧ ಅಂಗಡಿಗೆ ಬೀಗ. ಬೆಳೆ ಅಷ್ಟಿದ್ದೂ ಯಾಕೆ ಹೀಗೆ? ನೀವು ನಮಗೆ ದಿನಾ ಮೆಷಿನ್ ತಗೊಳ್ಳಿ ಅಂತೀರಲ್ಲ, ಅಲ್ಲಿಗೊಮ್ಮೆ ಹೋಗಿ ನೋಡಿ.’

ಏಟು ಸರಿಯಾಗೇ ಬಿದ್ದಿದೆ ಸಾರ್. ನಾನೂ ಒಂದು ಅಕ್ಟೋಬರ್‌ನಲ್ಲಿ ಅಲ್ಲಿದ್ದೆ. ಎಕರೆಗೆ 200 ಬುಶೆಲ್ ಅಂದರೆ ನಮ್ಮ ಲೆಕ್ಕದಲ್ಲಿ 50 ಕ್ವಿಂಟಲ್, ನಿಮ್ಮಲ್ಲಿ ಇದರ ಅರ್ಧ ಬಂದರೂ ಹಬ್ಬ ಅಲ್ವಾ? ರೈಲು ಹಳಿ ಪಕ್ಕದ ದೊಡ್ಡ ಕಣಜಗಳ ಹತ್ತಿರ ನಿಂತು ನೋಡಿದೆ. ಲಾರಿ ಬಂತು, ತೂಕವಾಯಿತು, ಮೇಲಿಂದ ಒಂದು ಕಬ್ಬಿಣದ ಕೊಳವೆ ಇಳಿದು ಪರೀಕ್ಷೆಗೆಂದು ಒಂದಿಷ್ಟು ಕಾಳು ಹೀರಿಕೊಂಡಿತು. ತೇವಾಂಶ ಶೇ 15ಕ್ಕಿಂತ ಜಾಸ್ತಿ ಬಂದರೆ ದುಡ್ಡು ಮುರಿದುಕೊಳ್ಳುತ್ತಾರೆ (ಅದೊಂದು ಎಲ್ಲ ಕಡೆ ಒಂದೇ). ಆಮೇಲೆ ಕೆಳಗಿನ ಜಾಲರಿಗೆ ಕಾಳು ಸುರಿದು ಲಾರಿ ಹೋಯಿತು. ಚೀಲ ಇಲ್ಲ, ಹಮಾಲರಿಲ್ಲ. ಹಮಾಲರಿಲ್ಲದ ಮೇಲೆ ಟೀ ಅಂಗಡಿ ಯಾರಿಗೆ?

ಉತ್ತರ ಅಲ್ಲೇ ಇದೆ. ಅಲ್ಲಿ ಒಂದು ಚದರ ಮೈಲಿ ಅಂದರೆ 640 ಎಕರೆ. ಹಿಂದೆ 160 ಎಕರೆಗೊಂದು ಮನೆ ಅಂತ ಹಿಡಿದರೂ ನಾಲ್ಕು ಸಂಸಾರ, ಮಕ್ಕಳು, ಆಳುಕಾಳು. ಈಗ ಅಪ್ಪ ಮಗ ಇಬ್ಬರೇ 2,000 ಎಕರೆ ಮಾಡುತ್ತಾರೆ. 1980ರ ದಶಕದಲ್ಲಿ ಬಡ್ಡಿ ಏರಿತು, 1981ರಿಂದ 86ರೊಳಗೆ ಅಯೋವಾದ ಜಮೀನಿನ ಬೆಲೆ ಹೆಚ್ಚುಕಮ್ಮಿ ಮೂರನೇ ಒಂದು ಭಾಗಕ್ಕೆ ಇಳಿಯಿತು, ಸಾಲ ಮಾಡಿ ಜಮೀನು ಕೊಂಡವರು ಮಾರಿ ಹೋದರು. ಉಳಿದವರು ಅದನ್ನೂ ಸೇರಿಸಿಕೊಂಡು ಉಳುತ್ತಿದ್ದಾರೆ. ಬೆಳೆದ ಜೋಳದಲ್ಲಿ ಅರ್ಧಕ್ಕಿಂತ ಜಾಸ್ತಿ ಎಥನಾಲ್‌ಗೆ ಹೋಗುತ್ತದೆ, ರೇಟು ದೂರದ ಶಿಕಾಗೋದ ಸರಕು ಪೇಟೆಯಲ್ಲಿ ಕಟ್ಟುತ್ತಾರೆ.

ನೀವು ಸ್ಟಾರ್ಮ್ ಲೇಕ್‌ಗೆ ಹೋಗಿದ್ದರೆ ಬೇರೆಯದೇ ಪತ್ರ ಬರೆಯುತ್ತಿದ್ದಿರಿ. ಅದೇ ಅಯೋವಾ, ಅದೇ ಜೋಳ, 11 ಸಾವಿರ ಜನ. ಅಲ್ಲಿನ ಹಂದಿ ಮಾಂಸದ ಫ್ಯಾಕ್ಟರಿ 1981ರಲ್ಲಿ ಮುಚ್ಚಿತು. ಮರುವರ್ಷ ಬೇರೆ ಕಂಪನಿ ತೆರೆದಾಗ ಯೂನಿಯನ್ ಇರಲಿಲ್ಲ, ಕೂಲಿಯೂ ಮೊದಲಿಗಿಂತ ಕಡಿಮೆ. ಊರಿನವರು ಒಲ್ಲೆ ಅಂದ ಕೆಲಸಕ್ಕೆ ಲಾವೋಸ್‌ನವರು, ಮೆಕ್ಸಿಕೋದವರು ಬಂದರು. ಈಗ ಶಾಲೆಗಳಲ್ಲಿ ಅವರ ಮಕ್ಕಳೇ ಜಾಸ್ತಿ, ಅಂಗಡಿಗಳೂ ತೆರೆದಿವೆ. ಕೆಲಸ ಸುಮ್ನೆ ಅಲ್ಲ, ಚಳಿಯಲ್ಲಿ ದಿನವಿಡೀ ಚಾಕು ಹಿಡಿದು ಕೈ ಮರಗಟ್ಟುತ್ತದೆ. ಆದರೂ ಊರನ್ನು ಉಳಿಸಿದ್ದು ಜೋಳವಲ್ಲ, ಸಂಬಳ ತಗೊಂಡು ಅಲ್ಲೇ ಖರ್ಚು ಮಾಡುವ ಈ ಜನ.

ಅಂದಹಾಗೆ ಆ ಊರಿನ ಪುಟ್ಟ ಪತ್ರಿಕೆಯ ಸಂಪಾದಕ ಆರ್ಟ್ ಕಲನ್‌ಗೆ 2017ರಲ್ಲಿ ಪುಲಿಟ್ಜರ್ (ಅಮೆರಿಕದ ಪತ್ರಕರ್ತರ ದೊಡ್ಡ ಪ್ರಶಸ್ತಿ) ಬಂತು, ದೊಡ್ಡ ಕೃಷಿ ಕುಳಗಳನ್ನು ಎದುರು ಹಾಕಿಕೊಂಡು ಬರೆದ ಸಂಪಾದಕೀಯಗಳಿಗೆ. ಹೊಟ್ಟೆಕಿಚ್ಚು ಇಲ್ಲ ಅಂದರೆ ಸುಳ್ಳಾದೀತು.

ಮೆಷಿನ್ ಬಗ್ಗೆ ಬರೆಯೋದು ನಿಲ್ಲಿಸಲ್ಲ ಸಾರ್. ಆಳು ಸಿಗದೆ ತೆನೆ ಮಳೆಗೆ ನೆಂದು ಮೊಳಕೆ ಒಡೆದದ್ದು ನಿಮ್ಮ ತಾಲ್ಲೂಕಿನಲ್ಲೇ ನೋಡಿದ್ದೇವೆ. ಆದರೆ ಮುಂದಿನ ಸಲ ಎಪಿಎಂಸಿಗೆ ಹೋದಾಗ ಹಮಾಲರನ್ನೂ ಮಾತಾಡಿಸಿ ಬರುತ್ತೇವೆ.

– ಸಂಪಾದಕ